ಉಪ್ಪು ನೀರಿನಲ್ಲಿ ಜಬ್ಬಾರನ ಬಲಗೈ

ಶನಿವಾರ ಬೆಳಗಿನ ಜಾವ ಐದಕ್ಕೆ ಹದಿನೈದು ನಿಮಿಷವಿದ್ದಾಗ ನಾನು ಚಾಮರಾಜನಗರದ ಬಸ್ ನಿಲ್ದಾಣ ತಲುಪಿದೆ. ನನ್ನ ಗೆಳೆಯ ಜಬ್ಬಾರ ಅಷ್ಟರಲ್ಲಾಗಲೇ ಗುಂಡ್ಲುಪೇಟೆ ಬಸ್ಸಿನ ಬಾಗಿಲಲ್ಲಿ ನಿಂತು ಕಂಡಕ್ಟರ್ ಜೊತೆ ವಾದಕ್ಕೆ ಇಳಿದಿದ್ದ. ವಾದ ಅವನ ಕೈಯಲ್ಲಿದ್ದ ಸ್ಟೀಲ್ ಡಬ್ಬಿಯದು. ಮುಚ್ಚಳಕ್ಕೆ ಬಟ್ಟೆ ಸುತ್ತಿ ಬಿಗಿದಿದ್ದರೂ ವಾಸನೆ ಹೊರಗೆ ಬಂದು ನಾಲ್ಕು ಸೀಟಿನಾಚೆಗೆ ಹೋಗಿತ್ತು. ರೇಷ್ಮೆ ಗೂಡಿನಿಂದ ನೂಲು ಬಿಚ್ಚಿದ ಮೇಲೆ ಒಳಗೆ ಬೆಂದ ಹುಳು ಉಳಿಯುತ್ತದಲ್ಲ, ಡಬ್ಬಿಯಲ್ಲಿದ್ದದ್ದು ಅದೇ.

"ಏನ್ ಸಾಬ್ರೆ, ಸತ್ತಿರೋದಾ ಇದು?" ಎಂದು ಕಂಡಕ್ಟರ್ ಮೂಗು ಹಿಡಿದುಕೊಂಡು ಕೇಳಿದ.

"ಸತ್ತಿರೋದೇ ಕಣಪ್ಪ. ಬದ್ಕಿದ್ರೆ ಅದುಕ್ಕೂ ಟಿಕೆಟ್ ತಗತಿದ್ದೆ" ಎಂದ ಜಬ್ಬಾರ.

ಕೊನೆಗೆ ಹಿಂದಿನ ಸೀಟಿನಲ್ಲಿ, ಕಿಟಕಿ ತೆಗೆದುಕೊಂಡೇ ಕೂರಬೇಕೆಂಬ ಷರತ್ತಿನ ಮೇಲೆ ನಮಗೆ ಪ್ರವೇಶ ಸಿಕ್ಕಿತು. ಕಾರ್ತಿಕ ಮುಗಿದು ಚಳಿ ಹಿಡಿದ ದಿನಗಳು. ತೆರಕಣಾಂಬಿ ದಾಟುವವರೆಗೆ ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಸಮುದ್ರದ ಮೀನಿಗೆ ರೇಷ್ಮೆ ಹುಳು ಯಾಕಯ್ಯ ಎಂದು ಕೇಳಿದರೆ, "ಮೀನು ಅಂದ್ರೆ ಮೀನೇ ಕಣ್ಲಾ. ಉಪ್ಪು ನೀರಲ್ಲಿದ್ರೆ ನಾಲಿಗೆ ಬ್ಯಾರೆ ಆಯ್ತದಾ?" ಎಂದು ಅವನು ಮಫ್ಲರ್ ಎಳೆದುಕೊಂಡ.

ಜಬ್ಬಾರ ನೂಲು ಬಿಚ್ಚುವವನು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಬಿಸಿ ನೀರಿನ ತೊಟ್ಟಿಯ ಮುಂದೆ ಕೂತು ನಲವತ್ತು ವರ್ಷ ರೇಷ್ಮೆ ತೆಗೆದಿದ್ದಾನೆ. ನನ್ನದು ಅರಿಶಿನದ ಅಂಗಡಿ. ನಮ್ಮಿಬ್ಬರನ್ನು ಕೂಡಿಸಿದ್ದು ಉಮ್ಮತ್ತೂರಿನ ಕೆರೆ. ಅಲ್ಲಿ ಭಾನುವಾರಗಳಂದು ಗಾಳ ಹಾಕಿಕೊಂಡು ಕೂತು ಮೂವತ್ತು ವರ್ಷ ಕಳೆದಿದ್ದೇವೆ. ನಾನು ಲಿಂಗ ಕಟ್ಟಿದ ಮನೆಯವನು. ಮೀನು ಹಿಡಿಯುತ್ತೇನೆ, ತಿನ್ನುವುದಿಲ್ಲ. ನಾನು ಹಿಡಿದದ್ದೆಲ್ಲ ಜಬ್ಬಾರನ ಮನೆಗೆ ಹೋಗುತ್ತದೆ. ನಾನು ನಮ್ಮ ಮನೆಗೆ ಹೋದರೆ ಹಿತ್ತಲಲ್ಲಿ ಸ್ನಾನ ಮಾಡಿದ ಮೇಲೆಯೇ ಹೆಂಡತಿ ಬಾಗಿಲು ತೆಗೆಯುತ್ತಾಳೆ. ತಿನ್ನದ ಮೀನನ್ನು ಯಾಕೆ ಹಿಡಿಯುತ್ತೀರಿ ಎಂದು ಅವಳು ಕೇಳಿದಾಗಲೆಲ್ಲ ನಾನು ಜಾಣತನದ ಉತ್ತರ ಹುಡುಕಿ ಸೋತಿದ್ದೇನೆ. ನಿಜ ಹೇಳಬೇಕೆಂದರೆ, ಜಬ್ಬಾರನ ಪಕ್ಕದಲ್ಲಿ ಸುಮ್ಮನೆ ಕೂರುವುದಕ್ಕೆ ಒಂದು ನೆಪ ಬೇಕಲ್ಲ, ಅದಕ್ಕೆ.

ಒಮ್ಮೆಯಾದರೂ ಸಮುದ್ರದಲ್ಲಿ ಗಾಳ ಹಾಕಬೇಕೆಂದು ಇಬ್ಬರೂ ಅಂದುಕೊಂಡು ಎಷ್ಟೋ ವರ್ಷವಾಗಿತ್ತು. ಈ ಸಲ ಹೊರಟಿದ್ದಕ್ಕೆ ಮಾತ್ರ ಬೇರೆ ಕಾರಣವಿತ್ತು. ಎಂಟು ತಿಂಗಳ ಹಿಂದೆ ಜಬ್ಬಾರನಿಗೆ ಲಕ್ವ ಹೊಡೆಯಿತು. ದೇವರ ದಯೆ, ಮಾತು ವಾಪಸ್ ಬಂತು, ಕಾಲು ವಾಪಸ್ ಬಂತು. ಬಲಗೈಯೂ ಆಡುತ್ತದೆ, ಆದರೆ ಅದಕ್ಕೆ ಸ್ಪರ್ಶ ತಿಳಿಯುವುದಿಲ್ಲ. ಚಿವುಟಿದರೂ ಗೊತ್ತಾಗುವುದಿಲ್ಲ. ಬಂದರೂ ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದರು. ಯಾರಿಗೂ ಹೇಳದೆ ಒಂದು ದಿನ ಅವನು ಶೆಡ್ಡಿಗೆ ಹೋಗಿ ತೊಟ್ಟಿಯ ಮುಂದೆ ಕೂತಿದ್ದಾನೆ. ನೀರು ಕುದಿಯುವಷ್ಟು ಕಾದಿದ್ದು ಗೊತ್ತಾಗದೆ ಕೈ ಇಟ್ಟುಕೊಂಡೇ ಗೂಡು ಹುಡುಕಿದ್ದಾನೆ. ಅವನ ಹೆಂಡತಿ ನೂರ್ಜಾನ್ ನೋಡಿ ಕಿರುಚಿಕೊಂಡಾಗ ಬೆರಳುಗಳ ಚರ್ಮ ಬೊಬ್ಬೆ ಎದ್ದಿತ್ತು.

ಅವತ್ತಿನಿಂದ ಶೆಡ್ಡಿಗೆ ಬೀಗ. ಡಬ್ಬಿಯ ಹುಳುವನ್ನೂ ಬೇರೆಯವರ ಶೆಡ್ಡಿನಿಂದ ಕೇಳಿ ತಂದಿದ್ದ. ತೊಟ್ಟಿ, ಚಕ್ರ ಎಲ್ಲ ಮಾರಿಬಿಡುವುದೆಂದು ನೂರ್ಜಾನ್ ನಿರ್ಧಾರ ಮಾಡಿದ್ದಳು. ಕೊಳ್ಳುವವರನ್ನು ಹುಡುಕಿಕೊಟ್ಟವನು ನಾನೇ. ಕೊಳ್ಳೇಗಾಲದ ಕಡೆಯ ಒಬ್ಬರು ಸೋಮವಾರ ನೋಡಲು ಬರುವವರಿದ್ದರು. ಜಬ್ಬಾರನಿಗೆ ಇದೊಂದೂ ತಿಳಿಸಿರಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

"ಮಾದೇವಣ್ಣ, ನಾನು ಹೇಳಿದ್ರೆ ಎದ್ದು ಹೋಗ್ಬುಡ್ತಾರೆ. ನೀವು ಹೇಳಿದ್ರೆ ಕೂತು ಕೇಳ್ತಾರೆ. ಸಮುದ್ರ ಸಮುದ್ರ ಅಂತ ಕುಣೀತಾವ್ರೆ. ಅಲ್ಲಿ ಮನಸ್ಸು ಚೆನ್ನಾಗಿರ್ವಾಗ ನೋಡಿ ಒಪ್ಪಿಸ್ಬುಡಿ" ಎಂದು ಅವಳು ಹಿಂದಿನ ದಿನ ನನ್ನ ಅಂಗಡಿಗೇ ಬಂದು ಹೇಳಿದ್ದಳು. ಹೊರಡುವಾಗ, ಬಲಗೈಗೆ ಗಾಳ ಕೊಡಬೇಡಿ, ಚುಚ್ಚಿಕೊಂಡರೂ ಅವರಿಗೆ ಗೊತ್ತಾಗುವುದಿಲ್ಲ ಎಂದು ಎರಡೆರಡು ಸಲ ಎಚ್ಚರಿಸಿದ್ದಳು. ಹೀಗೆ ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡು ನಾನು ಪ್ರವಾಸ ಹೊರಟಿದ್ದೆ.

ಗುಂಡ್ಲುಪೇಟೆಯಲ್ಲಿ ಬೆಳಕು ಹರಿದಿತ್ತು. ಮೈಸೂರಿನಿಂದ ಬರುವ ಕಲ್ಲಿಕೋಟೆ ಬಸ್ಸಿಗೆ ಇನ್ನೂ ಒಂದೂವರೆ ಗಂಟೆಯಿತ್ತು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಜಬ್ಬಾರ ಎಡಗೈಯಲ್ಲಿ ಚಮಚ ಹಿಡಿದು ತಿಂದ. ಬಲಗೈಯನ್ನು ಮೇಜಿನ ಕೆಳಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದ, ಕೂಸನ್ನು ಮಲಗಿಸಿಕೊಂಡವನ ಹಾಗೆ. ಪಕ್ಕದ ಮೇಜಿನಲ್ಲಿ ಶುಂಠಿ ಹೊಲಕ್ಕೆ ಹೊರಟ ಮಲಯಾಳಿಗಳು ನಮ್ಮ ಡಬ್ಬಿಯ ಕಡೆ ನೋಡುತ್ತ ಬೇಗ ಬೇಗ ಚಹಾ ಮುಗಿಸಿ ಎದ್ದರು.

ಕಲ್ಲಿಕೋಟೆಗೆ ಅಲ್ಲಿಂದ ನೂರೈವತ್ತು ಕಿಲೋಮೀಟರಿಗೆ ತುಸು ಹೆಚ್ಚು. ಟಿಕೆಟ್ ತಲಾ ಇನ್ನೂರ ಚಿಲ್ಲರೆ. ಮದ್ದೂರಿನ ಅರಣ್ಯ ಗೇಟಿನ ಆಚೆ ಕಾಡು ಶುರುವಾಯಿತು. ರಸ್ತೆಯ ಎರಡೂ ಕಡೆ ಮಂಜು, ಮಂಜಿನಲ್ಲಿ ಜಿಂಕೆಗಳು. ಒಂದು ಕಡೆ ಆನೆಯೊಂದು ರಸ್ತೆಗೆ ಬೆನ್ನು ಹಾಕಿ ನಿಂತಿತ್ತು. ಬಸ್ಸಿನವರೆಲ್ಲ ಮೊಬೈಲ್ ತೆಗೆದರು. ಜಬ್ಬಾರ ಮಾತ್ರ ಬಲಗೈಯ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ನೀವುತ್ತ ಕೂತಿದ್ದ. ಈಗ ಹೇಳಲೇ ಎಂದುಕೊಂಡೆ. ಆನೆ ನೋಡುವಾಗ ಅಂಥ ಮಾತು ಯಾಕೆ ಎಂದು ಬಿಟ್ಟೆ. ಬತ್ತೇರಿಯಲ್ಲಿ ಹೇಳೋಣವೆಂದುಕೊಂಡೆ. ಅಲ್ಲಿ ತಿನ್ನಲು ಅಕ್ಕಿ ಹಿಟ್ಟಿನ ಪುಟ್ಟು, ಕಡಲೆ ಸಾರು ಸಿಕ್ಕಿತು. ವೈತ್ತಿರಿಯಲ್ಲಿ ಅವನು ನಿದ್ದೆ ಹೋಗಿದ್ದ. ನಿದ್ದೆ ಹೋದವನನ್ನು ಎಬ್ಬಿಸಿ ಯಾರಾದರೂ ಕಸುಬು ಬಿಡು ಎನ್ನುತ್ತಾರೆಯೇ? ಅದರ ಮುಂದೆ ಘಾಟಿ. ಒಂಬತ್ತು ತಿರುವು ಇಳಿಯುವಷ್ಟರಲ್ಲಿ ನನ್ನ ಹೊಟ್ಟೆಯೊಳಗಿನ ಪುಟ್ಟು ಎರಡು ಸಲ ಗಂಟಲಿಗೆ ಬಂದು ಹೋಯಿತು. ಮಾತು ಬರಲಿಲ್ಲ.

ಕಲ್ಲಿಕೋಟೆ ಸೇರಿದಾಗ ಹನ್ನೆರಡೂವರೆ. ನಮ್ಮೂರಿನ ಚಳಿ ಎಲ್ಲೋ ಕಳೆದುಹೋಗಿ ಮೈಯೆಲ್ಲ ಬೆವರು. ಜಬ್ಬಾರ ಬಿರಿಯಾನಿ ತಿಂದ. ನನಗೆ ಎರಡು ಬೀದಿ ಸುತ್ತಿ ಒಂದು ಊಟದ ಹೋಟೆಲ್ ಹುಡುಕಿಕೊಟ್ಟು, ನಾನು ಅನ್ನ ಸಾಂಬಾರು ತಿನ್ನುವುದನ್ನು ಎದುರಿಗೆ ಕೂತು ಅಯ್ಯೋ ಪಾಪ ಎಂಬಂತೆ ನೋಡಿದ. ಅಲ್ಲಿಂದ ಬೇಪೂರಿಗೆ ಸಿಟಿ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಚಾಲಿಯಾರ್ ಹೊಳೆ ಸಮುದ್ರ ಸೇರುವ ಜಾಗ ಅದು. ಹೊಳೆಯ ಬಾಯಿಯಲ್ಲಿ ಸಮುದ್ರದೊಳಕ್ಕೆ ಉದ್ದಕ್ಕೆ ಕಲ್ಲಿನ ಒಡ್ಡು ಕಟ್ಟಿದ್ದಾರೆ.

ನಮ್ಮನ್ನು ಸಮುದ್ರಕ್ಕೆ ಕರೆದೊಯ್ಯಲು ಒಪ್ಪಿದ್ದ ದೋಣಿಯವರು ಕೋಯಾ. ಹಿಂದೆ ಎರಡು ವರ್ಷ ಗುಂಡ್ಲುಪೇಟೆಯಲ್ಲಿ ಗುತ್ತಿಗೆಗೆ ಜಮೀನು ಹಿಡಿದು ಶುಂಠಿ ಹಾಕಿದ್ದಾಗ ನನ್ನ ಅಂಗಡಿಗೆ ಬಂದು ಪರಿಚಯವಾದವರು. ಶುಂಠಿಗೆ ರೋಗ ಬಿದ್ದ ಮೇಲೆ, ನೆಲ ನಮಗೆ ಆಗಿಬರುವುದಿಲ್ಲವೆಂದು ತಮ್ಮ ದೋಣಿಗೇ ಹಿಂತಿರುಗಿದ್ದರು. ಐವತ್ತು ದಾಟಿದ ಗಟ್ಟಿ ಆಳು. ಅವರ ಕನ್ನಡದಲ್ಲಿ ಅರ್ಧ ಮಲಯಾಳ. ಡಬ್ಬಿ ತೆಗೆದು ಮೂಸಿ ನೋಡಿ, "ಇದು ಎಂದಾ ಅಣ್ಣಾ? ಮೀನಿಗೆ ಮರುಂದಾ?" ಎಂದರು. ಔಷಧಿಯಲ್ಲ, ಊಟ ಎಂದು ಜಬ್ಬಾರ ಸಮಜಾಯಿಷಿ ಕೊಟ್ಟ. ಅವರು ತಲೆ ಅಲ್ಲಾಡಿಸಿ, ನಾಳೆ ಬೆಳಿಗ್ಗೆ ಸಿಗಡಿ ತರುತ್ತೇನೆ ಎಂದರು.

ಸಂಜೆ ಒಡ್ಡಿನ ಮೇಲೆ ನಡೆದುಕೊಂಡು ತುದಿಯವರೆಗೆ ಹೋದೆವು. ಕಡಲೆಕಾಯಿ ಮಾರುವವರು, ಸೆಲ್ಫಿ ತೆಗೆಯುವವರು, ಕಲ್ಲಿನ ಸಂದಿಯಲ್ಲಿ ಗಾಳ ಇಳಿಬಿಟ್ಟು ಕೂತ ಕಾಲೇಜು ಹುಡುಗರು. ಸೂರ್ಯ ಮುಳುಗುವುದನ್ನು ಜಬ್ಬಾರ ತದೇಕಚಿತ್ತದಿಂದ ನೋಡಿದ. ಇದೇ ಸಮಯವೆಂದು ನಾನು ಗಂಟಲು ಸರಿಮಾಡಿಕೊಂಡೆ.

"ಜಬ್ಬಾರ, ನಿನ್ನತ್ರ ಒಂದು ಮಾತಾಡ್ಬೇಕಿತ್ತು."

"ನಾಳಿಕೆ ಆಡ್ಲಾ, ಮೀನು ಸಿಕ್ಕುದ್ ಮ್ಯಾಲೆ. ಖಾಲಿ ಕೈಲಿ ಕೆಟ್ ಮಾತು ಕೇಳ್ಬಾರ್ದು."

ಅದು ಕೆಟ್ಟ ಮಾತೇ ಎಂದು ಇವನಿಗೆ ಹೇಗೆ ಗೊತ್ತು ಎಂದು ನಾನು ಲಾಡ್ಜಿನಲ್ಲಿ ಮಲಗಿದ ಮೇಲೂ ಯೋಚಿಸುತ್ತಿದ್ದೆ. ಪಕ್ಕದ ಮಂಚದಲ್ಲಿ ಅವನು ಗೊರಕೆ ಹೊಡೆಯುತ್ತಿದ್ದ.

ಭಾನುವಾರ ಆರು ಗಂಟೆಗೆ ದೋಣಿ ಬಿಟ್ಟಿತು. ಫೈಬರ್ ದೋಣಿ, ಹಿಂದೆ ಮೋಟಾರು. ಕೋಯಾ ಇಬ್ಬರಿಗೂ ಕಿತ್ತಳೆ ಬಣ್ಣದ ಜಾಕೆಟ್ ತೊಡಿಸಿದರು. ಜಬ್ಬಾರ ಅದನ್ನು ಹಾಕಿಕೊಂಡು ಮದುವೆ ಗಂಡಿನ ಹಾಗೆ ನೆಟ್ಟಗೆ ಕೂತ. ಹೊಳೆಯೊಳಗೆ ಇರುವತನಕ ದೋಣಿ ಸುಖವಾಗಿತ್ತು. ಒಡ್ಡು ದಾಟಿ ಸಮುದ್ರದ ಬಾಯಿಗೆ ಬಂದದ್ದೇ ತಡ, ಅಡಿಯಿಂದ ಯಾರೋ ಎತ್ತಿ ಎತ್ತಿ ಇಟ್ಟಂತೆ ಆಗತೊಡಗಿತು. ನಾನು ಬದಿಗೆ ಬಾಗಿ ಹಿಂದಿನ ರಾತ್ರಿಯ ದೋಸೆಯನ್ನು ಮೀನಿಗೆ ಅರ್ಪಿಸಿದೆ. ಕೋಯಾ ನಕ್ಕು ಒಂದು ಚೂರು ಶುಂಠಿ ಕೊಟ್ಟರು. "ನಿಮ್ಮ ಊರಿದೇ ಶುಂಠಿ ಅಣ್ಣಾ. ಅಲ್ಲಿ ನನ್ನನ್ನು ಮುಳುಗಿಸಿತು, ಇಲ್ಲಿ ನಿಮ್ಮನ್ನು ಎತ್ತುತ್ತದೆ."

ದಡ ಕಾಣುವಷ್ಟು ದೂರದಲ್ಲೇ, ನೀರಿನಡಿ ಬಂಡೆಗಳಿರುವ ಒಂದು ಕಡೆ ಲಂಗರು ಹಾಕಿದರು. ಅಲ್ಲಿ ಗಾಳದ ಕೋಲಿಲ್ಲ. ಮರದ ಹಲಗೆಗೆ ಸುತ್ತಿದ ನೈಲಾನ್ ದಾರ, ತುದಿಯಲ್ಲಿ ಸೀಸದ ಗುಂಡು, ಅದರ ಮೇಲೆ ಗಾಳ. ದಾರವನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಕೂರಬೇಕು. ಮೀನು ಮುಟ್ಟಿದ್ದು ಬೆರಳಿಗೇ ತಿಳಿಯಬೇಕು. ಇದನ್ನು ಕೋಯಾ ವಿವರಿಸುವಾಗ ನಾನು ಜಬ್ಬಾರನ ಬಲಗೈ ಕಡೆ ನೋಡಿದೆ. ಕೋಲಿದ್ದರೆ ಅದರ ತುದಿ ನೋಡಿಕೊಂಡಾದರೂ ಇರಬಹುದಿತ್ತು. ಜಬ್ಬಾರ ದಾರವನ್ನು ಬಲಗೈಗೆ ತೆಗೆದುಕೊಂಡ.

"ಎಡಗೈಲಿ ಹಿಡ್ಕೊಳೋ" ಎಂದೆ.

"ಎಡಗೈಗೇನ್ ಗೊತ್ತು? ಅದು ಯಾವತ್ತೂ ಎಳೆ ಹಿಡ್ದಿಲ್ಲ."

"ಗಾಳ ಚುಚ್ಕಂಡ್ರೆ ನಿಂಗೆ ಗೊತ್ತಾಗಲ್ಲ. ನೂರ್ಜಾನಮ್ಮ ನಂಗೆ ಹೇಳಿ ಕಳಿಸವ್ಳೆ."

"ಅವ್ಳು ದಡದಲ್ಲವ್ಳೆ. ಸುಮ್ಕೆ ಕೂತ್ಕ."

ಗಾಳಕ್ಕೆ ಹುಳು ಚುಚ್ಚುವ ಕೆಲಸವನ್ನು ಮಾತ್ರ ನಾನು ಬಿಡಲಿಲ್ಲ. ನನ್ನ ಗಾಳಕ್ಕೆ ಕೋಯಾ ಸಿಗಡಿ ಹಾಕಿಕೊಟ್ಟರು, ಅವನ ಗಾಳಕ್ಕೆ ನಾನು ರೇಷ್ಮೆ ಹುಳು ಹಾಕಿದೆ. ಹತ್ತು ನಿಮಿಷದಲ್ಲಿ ನನಗೊಂದು ಏಟ್ಟ ಸಿಕ್ಕಿತು, ಬೆನ್ನ ಮೇಲೆ ಮುಳ್ಳಿರುವ, ಮೀಸೆಯ ಮೀನು. ಅದರ ಮುಳ್ಳು ವಿಷವೆಂದು ಕೋಯಾ ತಾವೇ ಬಿಡಿಸಿದರು. ಆಮೇಲೆ ಚೆಂಬಲ್ಲಿ ಎಂಬ ಅಂಗೈ ಅಗಲದ ಒಂದು ಮೀನು, ತಾಮ್ರದ ಬಣ್ಣದ್ದು. ತಿನ್ನದವನಿಗೆ ಎರಡು ಮೀನು, ತಿನ್ನುವವನಿಗೆ ಸೊನ್ನೆ. ಜಬ್ಬಾರನ ಗಾಳ ಪ್ರತಿ ಸಲವೂ ಬರಿದಾಗಿ ಮೇಲೆ ಬರುತ್ತಿತ್ತು. ಹುಳು ಮೆತ್ತಗೆ, ಸಣ್ಣ ಮೀನುಗಳು ಕುಕ್ಕಿ ಕುಕ್ಕಿ ತಿಂದು ಹೋಗುತ್ತವೆ, ಗಾಳ ನುಂಗುವುದಿಲ್ಲ, ಸಿಗಡಿ ಹಾಕಿ ಎಂದು ಕೋಯಾ ಹಟ ಹಿಡಿದರು. ಉಮ್ಮತ್ತೂರು ಕೆರೆಯಲ್ಲಿ ಈ ಹುಳಕ್ಕೆ ಮೀನು ಮುಗಿಬೀಳುತ್ತವೆಂದು ಜಬ್ಬಾರನೂ ಹಟ ಹಿಡಿದ.

ಏಳೂವರೆಯ ಸುಮಾರಿಗೆ ಅವನ ದಾರ ಒಮ್ಮೆ ಸರ್ರನೆ ಹೊರಗೆ ಹೋಯಿತು. ದೊಡ್ಡದೇ ಇರಬೇಕು. "ವಲಿಕ್ಕ್! ಎಳಿ, ಎಳಿ ಅಣ್ಣಾ!" ಎಂದು ಕೋಯಾ ಕೂಗಿಕೊಂಡರು. ಜಬ್ಬಾರ ಎಳೆಯಲಿಲ್ಲ. ದಾರ ಬಿಟ್ಟುಕೊಟ್ಟ. ಸಡಿಲವಾದ ದಾರದಲ್ಲಿ ಮೀನು ಬಾಯಿ ಬಿಡಿಸಿಕೊಂಡು ಹೋಯಿತು. ಕೋಯಾ ಹಣೆ ಚಚ್ಚಿಕೊಂಡರು. ನನಗೂ ರೇಗಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದರೆ ಇದೇ.

"ಯಾಕ್ಲಾ ಬುಟ್ಟೆ? ಮೀನಿಗೆ ದಾರಿ ತೋರ್ಸುದ್ಯಾ?"

"ಬುಡ್ದೆ ಇನ್ನೇನ್ಲಾ? ಎಳೆ ಬಿಗೀತಲ್ಲ. ಬಿಗಿದಾಗ ಎಳುದ್ರೆ ಹರಿಯಲ್ವಾ?"

ನಲವತ್ತು ವರ್ಷ ಅವನು ಮಾಡಿದ್ದು ಅದನ್ನೇ. ಎಂಟು ಹತ್ತು ಗೂಡಿನ ಎಳೆ ಸೇರಿಸಿ ಒಂದು ನೂಲು ಮಾಡುವಾಗ ಯಾವುದೋ ಒಂದು ಎಳೆ ಬಿಗಿಯುತ್ತದೆ. ಬಿಗಿದದ್ದು ಬೆರಳಿಗೆ ತಿಳಿದ ಕ್ಷಣ ಬಿಟ್ಟುಕೊಡಬೇಕು, ಇಲ್ಲದಿದ್ದರೆ ಹರಿಯುತ್ತದೆ. ಆ ಬುದ್ಧಿಯನ್ನೇ ಸಮುದ್ರಕ್ಕೂ ತಂದಿದ್ದಾನಲ್ಲ ಎಂದು ಬೈಯಲು ಬಾಯಿ ತೆಗೆದವನು ಅರ್ಧದಲ್ಲಿ ನಿಂತೆ.

"ಜಬ್ಬಾರ, ಬಿಗೀತು ಅಂತ ನಿಂಗೆಂಗೆ ಗೊತ್ತಾಯ್ತು?"

ಅವನು ತನ್ನ ಬಲಗೈಯನ್ನು ನೋಡಿದ. ನಾನು ಕೂಗುವುದಕ್ಕೂ, ಕೋಯಾ ಕೂಗುವುದಕ್ಕೂ ಮೊದಲೇ ಅವನ ಬೆರಳು ದಾರ ಬಿಟ್ಟಿತ್ತು. ಆಗ ಅವನು ನೀರಿನ ಕಡೆಯೂ ನೋಡುತ್ತಿರಲಿಲ್ಲ, ಬೇರೊಂದು ದೋಣಿಯ ಕಡೆ ತಿರುಗಿ ಕೂತಿದ್ದ.

"ಇನ್ನೊಂದು ಹುಳ ಹಾಕ್ಲಾ" ಎಂದ.

ಹಾಕಿದೆ. ಕೋಯಾ ಸಿಗಡಿ ಮುಂದೆ ಹಿಡಿದರು. ಬೇಡ, ಹುಳುವೇ ಇರಲಿ ಎಂದೆ. ಮೀನು ಸಿಗುವುದು ಆ ಹೊತ್ತಿಗೆ ಯಾರಿಗೆ ಬೇಕಿತ್ತು? ಅವನ ಬೆರಳನ್ನು ಪರೀಕ್ಷಿಸಲು ಕುಕ್ಕಿ ಕುಕ್ಕಿ ತಿನ್ನುವ ಸಣ್ಣ ಮೀನುಗಳೇ ಬೇಕಿತ್ತು. ಜಬ್ಬಾರ ಕಣ್ಣು ಮುಚ್ಚಿದ. ಅಷ್ಟು ಸಾಲದೆಂದು ಹೆಗಲ ಟವೆಲನ್ನು ಕಣ್ಣಿಗೆ ಕಟ್ಟಲು ಹೇಳಿದ. ಕಟ್ಟಿದೆ. ಅವನ ಬೆರಳಿನಿಂದ ಒಂದು ಮೊಳ ಕೆಳಗೆ ಅದೇ ದಾರವನ್ನು ನಾನು ಹಗುರವಾಗಿ ಹಿಡಿದುಕೊಂಡೆ. ಮೀನು ಮುಟ್ಟಿದರೆ ನನಗೂ ತಿಳಿಯಬೇಕು, ಆದರೆ ನಾನು ಹೇಳಬಾರದು. ಕೋಯಾಗೆ ವಿಷಯವನ್ನು ಎರಡು ಮಾತಿನಲ್ಲಿ ತಿಳಿಸಿದೆ. ಅವರು ಬೀಡಿಯನ್ನು ನೀರಿಗೆ ಎಸೆದು ದಾರದ ಕಡೆ ನೋಡುತ್ತ ಕೂತರು.

ಸ್ವಲ್ಪ ಹೊತ್ತು ಏನೂ ಇಲ್ಲ. ಅಲೆ ದೋಣಿಯ ಬದಿಗೆ ತಾಗುವ ಸದ್ದು ಅಷ್ಟೇ. ಅಷ್ಟರಲ್ಲಿ ನನ್ನ ಬೆರಳಿಗೆ ಟಕ್ ಎಂದಿತು, ಬಹಳ ಸಣ್ಣಗೆ.

"ಬಂತು" ಎಂದ ಜಬ್ಬಾರ.

ಮತ್ತೆ ಟಕ್, ಟಕ್.

"ಎಲ್ಡು ಸಲ."

ಅದರ ಮುಂದಿನದು ಅವನಿಗೆ ತಿಳಿಯಲಿಲ್ಲ. ಅದರ ಆಚೆಯದು ತಿಳಿಯಿತು. ಇದು ಅವನ ಅದೃಷ್ಟವೋ ಊಹೆಯೋ ಎಂದು ನನಗೆ ಅನುಮಾನ. ವ್ಯಾಪಾರದವನ ಬುದ್ಧಿ, ಅರಿಶಿನವನ್ನು ಮುರಿದು ನೋಡದೆ ನಂಬಿದವನಲ್ಲ. ಮೀನು ಸುಮ್ಮನಿದ್ದಾಗ ನಾನೇ ದಾರವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಮೀಟಿದೆ.

"ಅದು ಮೀನಲ್ಲ ಕಣ್ಲಾ, ನೀನು" ಎಂದ.

ನನಗೆ ಅಳು ಬಂತು. ಮುಚ್ಚುಮರೆ ಏನು, ಅತ್ತೆ. ಅರವತ್ತು ದಾಟಿದ ಅರಿಶಿನದಂಗಡಿಯವನು ಕಿತ್ತಳೆ ಜಾಕೆಟ್ ಹಾಕಿಕೊಂಡು ಅರಬ್ಬೀ ಸಮುದ್ರದ ಮೇಲೆ ಅಳುತ್ತಿದ್ದರೆ ನೋಡುವವರಿಗೆ ಹೇಗಿತ್ತೋ. ಜಬ್ಬಾರ ಟವೆಲ್ ಬಿಚ್ಚಲಿಲ್ಲ. ಅದರೊಳಗೆ ಅವನ ಕಣ್ಣೂ ಒದ್ದೆಯಾಗಿರಬೇಕು. ಬೆರಳಿನ ನಡುವೆ ದಾರ ಹಿಡಿದುಕೊಂಡೇ ಕೂತಿದ್ದ. ಒಂದೊಂದು ಸಲ ಮೀನು ಕುಕ್ಕಿದಾಗಲೂ ಹೂಂ, ಹೂಂ ಎನ್ನುತ್ತಿದ್ದ, ಯಾರೋ ಕಥೆ ಹೇಳುತ್ತಿದ್ದಾರೆ, ತಾನು ಕೇಳುತ್ತಿದ್ದೇನೆ ಎಂಬಂತೆ. ಡಬ್ಬಿಯ ಹುಳುವೆಲ್ಲ ಖಾಲಿಯಾಗುವವರೆಗೆ ಹೀಗೇ ನಡೆಯಿತು. ಒಂದು ಮೀನೂ ಸಿಗಲಿಲ್ಲ. "ಇಷ್ಟು ಸಂತೋಷದಲ್ಲಿ ಮೀನಿಗೆ ಊಟ ಹಾಕುವವರನ್ನು ನಾನು ಕಂಡಿಲ್ಲ" ಎಂದರು ಕೋಯಾ.

ಹತ್ತು ಗಂಟೆಗೆ ದಡಕ್ಕೆ ಬಂದೆವು. ನನ್ನ ಎರಡು ಮೀನನ್ನು ಕೋಯಾ ಮನೆಗೆ ಕೊಟ್ಟೆವು. ಬಾಡಿಗೆ ಕೊಡಲು ಹೋದರೆ ಡೀಸೆಲ್ಲಿನಷ್ಟು ಮಾತ್ರ ತೆಗೆದುಕೊಂಡರು. ಹೊರಡುವಾಗ ಜಬ್ಬಾರನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಮಲಯಾಳದಲ್ಲಿ ಏನೋ ಹೇಳಿದರು. ನನಗೆ ಅರ್ಥವಾಗಲಿಲ್ಲ. ಜಬ್ಬಾರ ಆಮೀನ್ ಎಂದ.

ಹನ್ನೊಂದೂಮುಕ್ಕಾಲಿನ ಬಸ್ಸು. ಘಾಟಿಯಲ್ಲಿ ಭಾನುವಾರದ ಕಾರುಗಳ ಸಾಲು, ಏಳನೆಯ ತಿರುವಿನಲ್ಲಿ ಅರ್ಧ ಗಂಟೆ ನಿಂತೆವು. ಕೆಳಗೆ ಕಾಡು, ಮಂಗಗಳು, ಬಿಸಿಲು. ಜಬ್ಬಾರ ಕಿಟಕಿಯ ಕಂಬಿ, ಸೀಟಿನ ರೆಕ್ಸಿನ್, ತನ್ನ ಅಂಗಿಯ ಗುಂಡಿ, ನನ್ನ ಗಡ್ಡ, ಎಲ್ಲವನ್ನೂ ಬೆರಳಿನಿಂದ ಮುಟ್ಟಿ ನೋಡುತ್ತಿದ್ದ. ನನಗೆ ಒಳಗೊಳಗೇ ಕಳವಳ. ದಾರ ತಿಳಿದದ್ದು ಸರಿ. ಬಿಸಿ ನೀರು ತಿಳಿಯುತ್ತದೆಯೇ? ತಿಳಿಯದೆ ಮತ್ತೆ ತೊಟ್ಟಿಗೆ ಕೈಯಿಟ್ಟರೆ? ನೂರ್ಜಾನಿಗೆ ಏನೆಂದು ಹೇಳಲಿ? ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಮಾತು ಎತ್ತಲೇಬೇಕಲ್ಲ ಎಂದು ಬಾಯಿ ತೆಗೆದೆ. ಅವನೇ ಮೊದಲು ಮಾತಾಡಿದ.

"ಸೋಮ್ವಾರ ಬರೋದು ಎಷ್ಟೊತ್ತಿಗ್ಲಾ, ಆ ಕೊಳ್ಳೇಗಾಲದೋರು?"

ನನ್ನ ಮುಖ ಬಿಳುಚಿಕೊಂಡಿರಬೇಕು. ಅವನು ನಕ್ಕ.

"ನಿನ್ ಹೊಟ್ಟೇಲಿ ಮಾತು ನಿಂತದ್ದಾ ಯಾವತ್ತಾದ್ರೂವೆ? ನಿನ್ನೆ ಬೆಳಗಿಂದ ಗಂಟ್ಲು ಸರಿ ಮಾಡ್ತನೇ ಇದ್ದಲ್ಲ. ಅವ್ಳು ನಿನ್ನಂಗ್ಡಿಗೆ ಬಂದಿದ್ದೂ ಗೊತ್ತು. ಮಾರ್ಬುಡು ಅಂತ ನಾನೇ ಅನ್ಬೇಕು ಅಂತಿದ್ದೆ ಕಣ್ಲಾ. ಒಂದ್ಸಲ ಸಮುದ್ರ ನೋಡ್ಬುಟ್ಟು, ಆಮ್ಯಾಲೆ ಅನ್ನನ ಅಂತ."

"ಈಗ?"

"ಈಗ ಮನ್ಸು ಒಪ್ತಿಲ್ಲ."

ಬಿಸಿ ನೀರಿನ ಮಾತು ಎತ್ತಿದೆ. ಅವನು ಸುಳ್ಳು ಧೈರ್ಯ ತೋರಿಸಲಿಲ್ಲ. "ಬಿಸಿ ಗೊತ್ತಾಯ್ತದಾ ಇಲ್ವಾ ನಂಗೂ ಗೊತ್ತಿಲ್ಲ. ಅದ ನೂರ್ಜಾನ್ ಕೈಲೇ ನೋಡಿಸ್ಕತೀನಿ. ನಾನೇ ನೋಡ್ಕಂಡ್ರೆ ನಂಗೆ ನಾನೇ ಸುಳ್ ಯೋಳ್ಕಬುಡ್ತೀನಿ." ಲಕ್ಕಿಡಿಯಲ್ಲಿ ಚಹಾ ಕುಡಿಯುವಾಗ ಗ್ಲಾಸನ್ನು ಎಡಗೈಯಲ್ಲೇ ಹಿಡಿದ. ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡ, ಅದು ಪರೀಕ್ಷೆಗೆ ಮೊದಲೇ ಪ್ರಶ್ನೆ ನೋಡಿಬಿಡಬಾರದು ಎಂಬಂತೆ.

ಗುಂಡ್ಲುಪೇಟೆಗೆ ಐದೂವರೆ. ಬಸ್ಸು ಬದಲಿಸಿ ಚಾಮರಾಜನಗರ ಸೇರುವಾಗ ದೀಪ ಹತ್ತಿಸುವ ಹೊತ್ತು. ನಾನು ಮನೆಗೆ ಹೋಗದೆ ಅವನ ಜೊತೆಯೇ ಹೋದೆ. ನೂರ್ಜಾನ್ ಬಾಗಿಲಲ್ಲಿ ನಿಂತಿದ್ದಳು. ಮೊದಲು ಅವನ ಕೈ ನೋಡಿದಳು, ಗಾಯವಿಲ್ಲವೆಂದು ಖಾತ್ರಿಯಾದ ಮೇಲೆ ನನ್ನ ಮುಖ ನೋಡಿದಳು. ಒಪ್ಪಿಸಿದಿರಾ ಎಂದು ಅವಳ ಕಣ್ಣು ಕೇಳುತ್ತಿತ್ತು. ನಾನು ತಲೆ ತಗ್ಗಿಸಿದೆ.

"ಮೀನೆಲ್ಲಿ?" ಎಂದು ಬಾಯಲ್ಲಿ ಕೇಳಿದಳು.

"ಮೀನು ಬುಡು. ಎರಡು ಬಟ್ಟಲು ನೀರು ತಗಂಬಾ. ಒಂದ್ರಲ್ಲಿ ತಣ್ಣೀರು, ಒಂದ್ರಲ್ಲಿ ಬಿಸಿ." ಮನೆಯಲ್ಲಿ ಅವರು ಉರ್ದು ಆಡುವವರು. ನಾನಿದ್ದೇನೆಂದು ಕನ್ನಡದಲ್ಲೇ ಹೇಳಿದ.

ದೋಣಿಯಲ್ಲಿ ನಡೆದದ್ದನ್ನು ನಾನು ಹೇಳಿದೆ. ಅವಳು ಒಳಗೆ ಹೋದಳು. ಬರುವುದಕ್ಕೆ ತಡವಾಯಿತು. ಬಿಸಿ ನೀರಿನಲ್ಲಿ ತನ್ನ ಬೆರಳನ್ನೇ ಮೂರು ಸಲ ಅದ್ದಿ, ಸುಡದಷ್ಟು ಹದಕ್ಕೆ ತಣ್ಣೀರು ಬೆರೆಸಿ ತಂದಳು. ಜಬ್ಬಾರ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಬಲಗೈ ಮುಂದೆ ಚಾಚಿದ. ಅವಳು ನೆಲದ ಮೇಲೆ ಕೂತು ಅವನ ತೋರುಬೆರಳು ಹಿಡಿದು ಒಂದು ಬಟ್ಟಲಿಗೆ ಅದ್ದಿದಳು.

"ಬಿಸಿ" ಎಂದು ತಕ್ಷಣ ಹೇಳಿದ.

ಹೆಬ್ಬೆರಳನ್ನು ಇನ್ನೊಂದಕ್ಕೆ ಅದ್ದಿದಳು. "ತಣ್ಣೀರು." ಅದನ್ನೇ ತೆಗೆದು ಬಿಸಿಗೆ ಅದ್ದಿದಾಗ ಸರಕ್ಕನೆ ಹಿಂದಕ್ಕೆಳೆದುಕೊಂಡ. ನೂರ್ಜಾನ್ ನಡುಬೆರಳು ಹಿಡಿದು ಬಿಸಿ ನೀರಿಗೆ ಅದ್ದಿದಳು.

ಜಬ್ಬಾರ ಸುಮ್ಮನಿದ್ದ. ಕಣ್ಣು ಮುಚ್ಚಿಯೇ ಇತ್ತು, ಮುಖದ ತುಂಬ ನಗೆ. ಬೆರಳು ಎರಡು ಗಿಣ್ಣಿನವರೆಗೆ ನೀರಿನಲ್ಲಿತ್ತು.

"ಯಾಕ್ ನಿಲ್ಲಿಸ್ದೆ? ಅದ್ದು" ಎಂದ.

ನೂರ್ಜಾನ್ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಅವಳು ಆ ಬೆರಳನ್ನು ಮೆಲ್ಲಗೆ ನೀರಿನಿಂದ ತೆಗೆದಳು. ಸೆರಗಿನಲ್ಲಿ ಒರೆಸಿದಳು. ಉಳಿದ ಎರಡು ಬೆರಳನ್ನು ಅದ್ದಲಿಲ್ಲ. ಇಡೀ ಕೈಯನ್ನು ತನ್ನ ಎರಡು ಕೈಯೊಳಗೆ ಇಟ್ಟುಕೊಂಡು, "ಸಾಕು, ಆಯ್ತು" ಎಂದಳು.

ಅವನು ಕಣ್ಣು ತೆರೆದ. "ಎಷ್ಟು ಸರಿ?"

"ನೀವು ಹೇಳಿದ್ದೆಲ್ಲ ಸರಿ" ಎಂದಳು.

ಎದ್ದು ಬಟ್ಟಲುಗಳನ್ನು ಕೈಗೆ ತೆಗೆದುಕೊಂಡು ನನ್ನ ಕಡೆ ತಿರುಗಿದಳು. "ಮಾದೇವಣ್ಣ, ನಾಳೆ ಬರೋರಿಗೆ ಬೇಡ ಅಂತ ಫೋನ್ ಮಾಡ್ಬುಡಿ."

ಜಬ್ಬಾರ ಏನೋ ಹೇಳಲು ಬಾಯಿ ತೆಗೆದ. ಅವಳು ಬಿಡಲಿಲ್ಲ. "ಒಂದು ಮಾತು. ದಿನಾ ತೊಟ್ಟಿ ನೀರು ಮೊದ್ಲು ನಾನು ಮುಟ್ಟಿ ನೋಡ್ತೀನಿ. ನಾನು ಹೂಂ ಅಂದ್ಮೇಲೇನೇ ನೀವು ಕೈ ಹಾಕ್ಬೇಕು."

"ಅದ್ಯಾಕೆ? ಎಲ್ಲ ಸರಿ ಅಂದ್ಯಲ್ಲ?"

"ನೀರು ಕಾಸೋಳು ನಾನು. ಅದಕ್ಕೆ."

ನಾನು ಫೋನ್ ತೆಗೆದುಕೊಂಡು ಅಂಗಳಕ್ಕೆ ಇಳಿದೆ. ಕೊಳ್ಳೇಗಾಲದವರು ಫೋನ್ ಎತ್ತುವವರೆಗೂ ಒಳಗಿನಿಂದ ಶೆಡ್ಡಿನ ಬೀಗದ ಕೈ ಎಲ್ಲಿ ಎಂದು ಜಬ್ಬಾರ ಕೇಳುವುದು, ಊಟ ಮಾಡಿ ಮೊದಲು ಎಂದು ಅವಳು ಗದರಿಸುವುದು ಕೇಳಿಸುತ್ತಿತ್ತು.